ಮಂಚ ಸುಮ್ಮನಾದ ಮಧ್ಯಾಹ್ನ

"ಹೂಂ" ಅನ್ನುವುದಕ್ಕೆ ಬಾಯಿ ಪೂರ್ತಿ ತೆರೆಯಬೇಕೆಂದೂ ಇಲ್ಲ. ಆದರೂ ಅಷ್ಟು ಸಣ್ಣ ಮಾತು ನನ್ನ ಗಂಟಲಿನಿಂದ ಹೊರಡುತ್ತಿಲ್ಲವಲ್ಲ ಎಂಬುದೇ ಆ ದಿನಗಳಲ್ಲಿ ನನ್ನ ಚಿಂತೆಯಾಗಿತ್ತು. ದಿನಚರಿಯಲ್ಲಿ ಪುಟಗಟ್ಟಲೆ ಬರೆದೆ. ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದೆ, ಚೆನ್ನಾಗಿಯೇ ಬಂತು. ನಾಡಿ ಸರ್ ಎದುರಿಗೆ ಬಂದರೆ ಮಾತ್ರ ನಾಲಗೆ ಅಂಟಿಕೊಳ್ಳುತ್ತಿತ್ತು.

ನಾಡಿ ಸರ್ ನಮ್ಮ ನರ್ಸಿಂಗ್ ಶಾಲೆಯಲ್ಲಿ ಮೊದಲ ವರ್ಷದವರಿಗೆ ನಾಡಿ, ಉಸಿರು, ಜ್ವರ, ರಕ್ತದೊತ್ತಡ ನೋಡುವುದನ್ನು ಕಲಿಸುತ್ತಿದ್ದರು. ಅಂಗಿಯ ತೋಳು ಮಡಚಿ ತಮ್ಮದೇ ಮಣಿಕಟ್ಟನ್ನು ಹುಡುಗಿಯರ ಮುಂದೆ ಚಾಚಿ, "ಹುಡುಕಿ ಹುಡುಕಿ, ಎಲ್ಲೋ ಇರತ್ತೆ. ನಾನಿನ್ನೂ ಸತ್ತಿಲ್ಲ" ಎಂದು ನಗಿಸುತ್ತಿದ್ದರು. ನಾನು ಅಲ್ಲಿಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದೆ. ಜೀವಶಾಸ್ತ್ರದಲ್ಲಿ ಪದವಿ ಪಡೆದಿದ್ದರೂ ನಾಲ್ಕು ಜನರ ಮುಂದೆ ನಿಂತು ಪಾಠ ಮಾಡುವ ಧೈರ್ಯವಿರಲಿಲ್ಲ. ಒಂದು ದಿನ ಪುಸ್ತಕ ಹಿಂದಿರುಗಿಸುತ್ತಾ ಅವರು, "ನಿಮ್ಮ ಸೋದರತ್ತೇನ ಕೇಳೋ ಮುಂಚೆ ನಿಮ್ಮನ್ನೇ ಕೇಳೋಣ ಅಂತ. ನನ್ನನ್ನ ಮದುವೆ ಆಗ್ತೀರಾ?" ಎಂದರು. ನಾನು ಅವರ ಬಲಗಿವಿಯನ್ನು ನೋಡುತ್ತ ನಿಂತೆ. ಮುಖ ನೋಡಲಾರದೆ ನಾನು ಯಾವಾಗಲೂ ನೋಡುತ್ತಿದ್ದದ್ದು ಅದನ್ನೇ. ಕಿವಿಯ ಮುಂದೆ ಸೂಜಿಯಿಂದ ಚುಚ್ಚಿದಂಥ ಒಂದು ಚಿಕ್ಕ ಕುಳಿ ಇತ್ತು. ಅದು ನನಗೆ ಬಾಯಿಪಾಠವಾಗಿಬಿಟ್ಟಿತ್ತು.

"ಅವಸರ ಇಲ್ಲ," ಎಂದು ನಕ್ಕು ಹೋದರು.

ಗ್ರಂಥಾಲಯದ ನೇರ ಮೇಲೆ ರೋಗಿಗಳ ಕೋಣೆ. ಅಲ್ಲಿ ಎರಡು ವರ್ಷದಿಂದ ಇದ್ದವರು ಒಬ್ಬರೇ, ನಾವೆಲ್ಲ ಮಂಚದ ತಾತ ಎನ್ನುತ್ತಿದ್ದವರು. ಅವರನ್ನು ಕರೆತಂದವರು ನಾಡಿ ಸರ್. "ನಮ್ಮ ಊರ ಕಡೆಯವರು. ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಯ್ತು. ಹಿಂದೆಮುಂದೆ ಯಾರೂ ಇಲ್ಲ," ಎಂದಿದ್ದರು. ತಾತನ ಕೈಕಾಲುಗಳು ಅವರ ಮಾತು ಕೇಳುತ್ತಿರಲಿಲ್ಲ. ಯಾರೋ ಕಾಣದವರು ದಾರ ಕಟ್ಟಿ ಎಳೆದಂತೆ ಎಚ್ಚರವಿದ್ದಷ್ಟು ಹೊತ್ತೂ ಹೊರಳುತ್ತ, ಕೊಂಕುತ್ತ, ಹಾರುತ್ತ ಇರುತ್ತಿದ್ದವು. ಕಬ್ಬಿಣದ ಮಂಚ ನನ್ನ ತಲೆಯ ಮೇಲೆ ಕಿರ್ರ್ ಗಡಗಡ ಎನ್ನುತ್ತಲೇ ಇರುತ್ತಿತ್ತು. ಅವರಿಗೆ ನಿದ್ದೆ ಹತ್ತಿದರೆ ಸದ್ದು ಮೆಲ್ಲಮೆಲ್ಲಗೆ ಅಡಗುತ್ತಿತ್ತು. ಅದನ್ನು ಕೇಳುತ್ತ ಕೇಳುತ್ತ ನನಗೂ ಆಕಳಿಕೆ ಬರುತ್ತಿತ್ತು.

ದಿನಾ ಹೋಗಿ ಅವರಿಗೆ ಪತ್ರಿಕೆ ಓದುತ್ತಿದ್ದೆ. ಅವರ ಮಾತು ತೊದಲಿ ಕರಗಿಹೋಗಿತ್ತು, ಕಣ್ಣು ಮಾತ್ರ ತಿಳಿಯಾಗಿತ್ತು. ಇತ್ತೀಚೆಗೆ ಓದುವಾಗ ಅವರ ಕೈ ಎಲ್ಲೆಲ್ಲೋ ಸುತ್ತಿ ಕೊನೆಗೆ ತಮ್ಮ ಕಿವಿಯ ಹತ್ತಿರ ಬಂದು ನಿಲ್ಲಲು ಹೆಣಗಾಡುತ್ತಿತ್ತು. ಕೇಳಿಸುತ್ತಿಲ್ಲವೇನೋ ಎಂದುಕೊಂಡು ಇನ್ನೂ ಜೋರಾಗಿ ಓದುತ್ತಿದ್ದೆ. ನನ್ನ ಜೋರು ಅಂದರೆ ಎಷ್ಟು ಮಹಾ!

ಆ ಮಧ್ಯಾಹ್ನ ಊಟದ ನಂತರ ನಾಡಿ ಸರ್ ಮೇಲೆ ಹೋದರು. ಮಂಚ ಎಂದಿನಂತೆ ಗಡಗಡ ಎನ್ನುತ್ತಿತ್ತು. ಒಮ್ಮೆಲೇ ಚಾವಣಿಯ ಸುಣ್ಣ ಉದುರುವಷ್ಟು ಜೋರಾಯಿತು. ಆಮೇಲೆ ನಿಂತಿತು. ಇಡೀ ಕಟ್ಟಡ ಉಸಿರು ಹಿಡಿದಂತಾಯಿತು. ಸ್ವಲ್ಪ ಹೊತ್ತಿಗೆ ಸರ್ ಇಳಿದು ಬಂದರು.

"ತಾತ ಮಲಗಿದ್ರು," ಎಂದು ಓದುತ್ತ ಕುಳಿತಿದ್ದ ಗುಬ್ಬಿಯನ್ನು ಕರೆದರು. ಮೊದಲ ವರ್ಷದ ಹುಡುಗಿಯರಲ್ಲೆಲ್ಲ ಚಿಕ್ಕವಳು ಅವಳು, ಯಾವಾಗಲೂ ಗಾಬರಿ. "ಒಂದು ಸಲ ನಾಡಿ ನೋಡ್ಕೊಂಡು ಬಾಮ್ಮ. ಎಬ್ಬಿಸಬೇಡ, ಹೊದಿಕೆ ತೆಗೀಬೇಡ. ಕೈ ಹೊರಗೇ ಇದೆ."

ಅವಳು ಮೆಟ್ಟಿಲು ಹಾರಿಕೊಂಡು ಹೋಗಿ, ಹಾರಿಕೊಂಡೇ ಬಂದಳು. "ನೂರ ಹನ್ನೆರಡು ಸರ್. ಉಸಿರು ಹದಿನಾರು."

"ಭೇಷ್," ಎಂದು ಅವರು ತರಗತಿಗೆ ನಡೆದರು. ಅಲ್ಲಿ ಹುಡುಗಿಯರೆಲ್ಲ ಕಾಯುತ್ತಿದ್ದರು. ಪಾಠ ಅರ್ಧವಾಗುವಷ್ಟರಲ್ಲಿ ಹಾಲು ತೆಗೆದುಕೊಂಡು ಮೇಲೆ ಹೋದ ಆಯಾಳ ಕೈಯಿಂದ ಲೋಟ ಬಿದ್ದ ಸದ್ದು ಕೇಳಿಸಿತು. ಹಿಂದೆಯೇ ಅವಳ ಚೀತ್ಕಾರ.

* * *

ತಾತನ ಕಣ್ಣಿನ ಬಿಳಿಯಲ್ಲಿ ಸಾಸಿವೆಗಿಂತ ಚಿಕ್ಕ ಕೆಂಪು ಚುಕ್ಕೆಗಳಿದ್ದವು. ದಿಂಬು ಒತ್ತಿ ಉಸಿರು ಕಟ್ಟಿಸಿದ್ದಾರೆ ಎಂದರು ಡಾಕ್ಟರು. ಇನ್ಸ್‌ಪೆಕ್ಟರಿಗೆ ಲೆಕ್ಕ ಸುಲಭವಾಯಿತು. ಗುಬ್ಬಿ ನೋಡಿದಾಗ ನಾಡಿ ಇತ್ತು, ಅಂದರೆ ಜೀವವಿತ್ತು. ಅನಂತರ ಮೇಲೆ ಹೋದವಳು ಆಯಾ ಒಬ್ಬಳೇ. ನಾಡಿ ಸರ್ ಅಷ್ಟೂ ಹೊತ್ತು ಒಂದು ತರಗತಿ ಹುಡುಗಿಯರ ಕಣ್ಣೆದುರಿಗಿದ್ದರು.

"ಎರಡು ವರ್ಷ ಅವರ ಬಾಯಿ ಒರೆಸಿದೀನಿ ಸ್ವಾಮಿ," ಎಂದು ಆಯಾ ಆಫೀಸಿನ ಬೆಂಚಿನ ಮೇಲೆ ಕುಳಿತು ಅಳುತ್ತಿದ್ದಳು. "ಕೊಲ್ಲೋದಾದ್ರೆ ಇಷ್ಟು ಹಾಲು ಯಾಕೆ ಕುಡಿಸ್ತಿದ್ದೆ?"

"ಬೇಜಾರಾಗಿ ಮಾಡಿರಬಹುದು," ಎಂದರು ಇನ್ಸ್‌ಪೆಕ್ಟರ್. "ನಾಳೆ ಸಂಜೆ ಸ್ಟೇಷನ್ನಿಗೆ ಕರ್ಕೊಂಡು ಹೋಗ್ತೀನಿ. ಅಷ್ಟರೊಳಗೆ ದೊಡ್ಡ ಟೀಚರ್ ಬೇರೆ ಏನಾದ್ರೂ ಹೇಳಿದ್ರೆ ಕೇಳ್ತೀನಿ."

ದೊಡ್ಡ ಟೀಚರ್ ಎಂದರೆ ನನ್ನ ಅತ್ತೆ, ಅಪ್ಪನ ಅಕ್ಕ. ಶಾಲೆಯ ಕೆಳಗಿನ ಎರಡು ಕೋಣೆಗಳಲ್ಲಿ ನಾವಿಬ್ಬರೂ ಇದ್ದೆವು. ಮೂವತ್ತು ವರ್ಷ ರೋಗಿಗಳನ್ನು ನೋಡಿ ನೋಡಿ ಅತ್ತೆಗೆ ಸುಳ್ಳು ಹೇಳುವ ದೇಹ ಯಾವುದು, ಬಾಯಿ ಯಾವುದು ಎಂದು ತಿಳಿದುಹೋಗಿತ್ತು. ಇನ್ಸ್‌ಪೆಕ್ಟರ್ ಹಿಂದೆಯೂ ಎರಡು ಸಲ ಸಲಹೆ ಕೇಳಿ ಅವಳ ಬಾಗಿಲು ತಟ್ಟಿದ್ದರು.

ಮರುದಿನ ಎಲ್ಲವೂ ವಿಚಿತ್ರವಾಗಿ ಶಾಂತವಾಗಿತ್ತು. ಸೆಖೆಯಲ್ಲಿ ಫ್ಯಾನು ಸಾಲದೆ ಹುಡುಗಿಯರು ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ನಾಡಿ ಸರ್ ಪಾಠ ನಿಲ್ಲಿಸಲಿಲ್ಲ. ಕಿಟಕಿಯಿಂದ ನೋಡಿದೆ. ಅಂಗಿಯ ತೋಳಿನ ಗುಂಡಿ ಮಣಿಕಟ್ಟಿನವರೆಗೆ ಹಾಕಿ, ಅಂದು ಅವರು ಕುತ್ತಿಗೆಯ ನಾಡಿ ತೋರಿಸುತ್ತಿದ್ದರು. ಪಾಪ, ದುಃಖದಲ್ಲೂ ಎಷ್ಟು ಶ್ರದ್ಧೆ ಎಂದುಕೊಂಡೆ.

ಮಧ್ಯಾಹ್ನ ಪುಸ್ತಕ ಜೋಡಿಸುತ್ತಿದ್ದಾಗ ತಲೆಯ ಮೇಲೆ ಮಂಚ ಅಲುಗಿತು.

ಕಿರ್ರ್. ಗಡಗಡ.

ನನ್ನ ಕೈಯಲ್ಲಿದ್ದ ಪುಸ್ತಕ ಕೆಳಗೆ ಬಿತ್ತು. ತಾತನ ಹೆಣವನ್ನು ಬೆಳಿಗ್ಗೆಯೇ ಸಾಗಿಸಿದ್ದರು, ಕೋಣೆಗೆ ಬೀಗವಿತ್ತು. ಆದರೂ ಸದ್ದು ಅದೇ, ಲಯವೂ ಅದೇ. ಓಡಿಹೋಗಬೇಕೆನಿಸಿದರೂ ಕಾಲುಗಳು ಯಾಕೋ ಮೆಟ್ಟಿಲು ಹತ್ತಿದವು. ಬಾಗಿಲು ತೆರೆದಿತ್ತು. ಮಂಚದ ಮೇಲೆ ತಲೆವರೆಗೂ ಹೊದ್ದ ಆಕಾರವೊಂದು ಕೈಕಾಲು ಒದರುತ್ತಿತ್ತು.

"ಬಂದ್ಯಾ? ಕೆಳಗೆ ಸರಿಯಾಗಿ ಕೇಳಿಸ್ತಾ?" ಎಂದು ಹೊದಿಕೆಯೊಳಗಿಂದ ಅತ್ತೆಯ ದನಿ ಬಂತು.

"ಅತ್ತೇ! ನನ್ನ ಜೀವ ಹೋಗಿತ್ತು!"

"ಹೋಗಿಲ್ಲ, ಬಿಳಿಚಿಕೊಂಡಿದೀಯ ಅಷ್ಟೇ. ಕೂತ್ಕೋ." ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ನಿನ್ನೆ ಇದು ನಿಂತದ್ದು ಹೇಗೆ ಹೇಳು. ಮೆಲ್ಲಗೆ ಅಡಗಿತಾ, ಥಟ್ಟನೆ ನಿಂತಿತಾ?"

ನನಗೆ ಉತ್ತರ ಗೊತ್ತಿತ್ತು. ಅದನ್ನು ಹೇಳಿದರೆ ಏನಾಗುತ್ತದೆಂದೂ ಅದೇ ಗಳಿಗೆಯಲ್ಲಿ ಗೊತ್ತಾಯಿತು. ಪಿಸುಗುಟ್ಟಿದೆ. "ಜೋರಾಗಿ... ಥಟ್ಟನೆ." ಇನ್ನೊಂದು ಮಾತೂ ಹೇಳುವುದಿತ್ತು. ಡಾಕ್ಟರು ಬರುವ ಮೊದಲು ಹೆಣವನ್ನು ಒರೆಸುವಾಗ ಆಯಾ ತಾತನ ಉದ್ದ ಕೂದಲನ್ನು ಹಿಂದಕ್ಕೆ ಬಾಚಿದ್ದಳು. ಬಲಗಿವಿಯ ಮುಂದೆ ನಾನು ಬಾಯಿಪಾಠ ಮಾಡಿದ್ದ ಆ ಕುಳಿಯೇ ಇತ್ತು. ಅದನ್ನೂ, ಸರ್ ನನ್ನನ್ನು ಮದುವೆಗೆ ಕೇಳಿದ್ದನ್ನೂ ಹೇಳಿದೆ.

ಅತ್ತೆ ನನ್ನ ತಲೆ ಸವರಿದಳು. "ಕಿವಿ ಮುಂದಿನ ಕುಳಿ ಎಷ್ಟೋ ಜನಕ್ಕಿರತ್ತೆ ಪುಟ್ಟಿ. ಅದೊಂದು ಸಾಕ್ಷಿ ಅಲ್ಲ. ಆದ್ರೆ ಎಷ್ಟೋ ಮನೆಗಳಲ್ಲಿ ಅದು ರಕ್ತದಲ್ಲೇ ಇಳಿದು ಬರತ್ತೆ. ಊರಿಗೆ ಫೋನ್ ಮಾಡಿ ಕೇಳೋಕೆ ಒಂದು ಪ್ರಶ್ನೆ ಸಿಕ್ತು."

ನಾಡಿ ಸರ್ ಊರಿನಲ್ಲಿ ವಿಚಾರಿಸಲು ಇನ್ಸ್‌ಪೆಕ್ಟರಿಗೆ ಹೇಳಿಕಳುಹಿಸಿ, ಗುಬ್ಬಿಯನ್ನು ಕರೆಸಿದಳು.

"ತಾತನ ಕೈ ಹೇಗಿತ್ತೇ?"

"ಸ್ವಲ್ಪ ತಣ್ಣಗಿತ್ತು ಮೇಡಂ. ಫ್ಯಾನ್ ಕೆಳಗೆ ಇತ್ತಲ್ಲ."

"ಮಲಗಿದವರಿಗೆ ನಾಡಿ ನಿಧಾನ ಆಗ್ಬೇಕು. ನೂರ ಹನ್ನೆರಡು ಹೇಗೆ ಬಂತು?"

"ಗೊತ್ತಿಲ್ಲ ಮೇಡಂ. ಬಡೀತಾ ಇತ್ತು. ದೇವರಾಣೆ."

"ಉಸಿರು ಎಣಿಸಿದ್ಯಾ?"

ಗುಬ್ಬಿ ನೆಲ ನೋಡಿದಳು. "ಎಲ್ಲರೂ ಹದಿನಾರೇ ಬರೀತಾರೆ ಮೇಡಂ."

"ಹೌದು," ಎಂದಳು ಅತ್ತೆ. "ನಾನೂ ನಿನ್ನ ವಯಸ್ಸಲ್ಲಿ ಅದನ್ನೇ ಬರೀತಿದ್ದೆ. ಹೋಗು, ಸಂಜೆ ಅಭ್ಯಾಸದ ಕೋಣೆಗೆ ಬಾ. ಹೆದರಬೇಡ."

* * *

ಅಭ್ಯಾಸದ ಕೋಣೆಯಲ್ಲಿ ಹಗಲಿನಲ್ಲೂ ಒಬ್ಬಳೇ ಇರಲು ನನಗೆ ಆಗುತ್ತಿರಲಿಲ್ಲ. ಸಾಲಾಗಿ ಮಂಚಗಳು, ಅವುಗಳ ಮೇಲೆ ಬಿಳಿ ಹೊದಿಕೆಯಡಿ ರಬ್ಬರಿನ ಗೊಂಬೆಗಳು. ಬಾಯಿ ಅರೆತೆರೆದು, ಕಣ್ಣು ಮುಚ್ಚದೆ ಅವು ಚಾವಣಿ ನೋಡುತ್ತಿರುತ್ತವೆ. ಆ ಸಂಜೆ ಕಿಟಕಿಯ ಬೆಳಕು ಕೆಂಪಗೆ ಅವುಗಳ ಹಣೆಯ ಮೇಲೆ ಬಿದ್ದಿತ್ತು. ಇನ್ಸ್‌ಪೆಕ್ಟರ್, ಆಯಾ, ಗುಬ್ಬಿ, ನಾಡಿ ಸರ್, ನಾನು. ಹಿಂದೆ ಹುಡುಗಿಯರು ಗೋಡೆಗೆ ಅಂಟಿ ನಿಂತಿದ್ದರು.

ಕೊನೆಯ ಮಂಚದ ಸುತ್ತ ಪರದೆ ಎಳೆದಿತ್ತು. ಪರದೆಯ ಸಂದಿಯಿಂದ ಒಂದು ಕೈ ಮಾತ್ರ ಹೊರಗೆ ಚಾಚಿತ್ತು. ಅದರ ಮೇಲೆ ತೆಳು ಬಟ್ಟೆ ಹೊದಿಸಿತ್ತು.

"ಗುಬ್ಬಿ, ನಿನ್ನೆ ನೋಡಿದ ಹಾಗೇ ನಾಡಿ ನೋಡು," ಎಂದಳು ಅತ್ತೆ. ನನ್ನ ಕಡೆ ತಿರುಗಿ, "ನೀನು ಇವಳ ಎಡಗೈ ಹಿಡ್ಕೊಂಡು ಇವಳ ನಾಡಿ ಎಣಿಸು. ಬಾಯಿ ಬಿಡಬೇಡ. ಬೋರ್ಡ್ ಮೇಲೆ ಬರಿ."

ಬಾಯಿ ಬಿಡಬೇಡ ಎಂದದ್ದು ನನ್ನ ಮೇಲಿನ ಕರುಣೆಯಿಂದ.

ಗುಬ್ಬಿ ಬಟ್ಟೆಯಡಿ ಕೈ ತೂರಿಸಿ ಗಟ್ಟಿಯಾಗಿ ಹಿಡಿದಳು. ಅವಳ ತುಟಿ ಅಲುಗುತ್ತಿತ್ತು. ಗಡಿಯಾರದ ಮುಳ್ಳು ಒಂದು ಸುತ್ತು ಬಂತು. "ಇದೆ ಮೇಡಂ. ನೂರ ನಾಲ್ಕು."

ನಾನು ಬೋರ್ಡಿನ ಮೇಲೆ ಬರೆದದ್ದು ನೂರ ಮೂರು. ಒಂದು ಬಡಿತ ನನ್ನ ಎಣಿಕೆಯಲ್ಲಿ ತಪ್ಪಿರಬೇಕು.

ಅತ್ತೆ ಪರದೆ ಸರಿಸಿ ಬಟ್ಟೆ ಎಳೆದಳು. ಗುಬ್ಬಿ ಹಿಡಿದಿದ್ದದ್ದು ಗೊಂಬೆಯ ರಬ್ಬರ್ ಕೈ. ಅವಳು ಕಿಟಾರನೆ ಕಿರುಚಿ ಬಿಟ್ಟಳು. ಹಿಂದೆ ಯಾರೋ, "ಅಯ್ಯೋ, ಗೊಂಬೆಗೆ ನಾಡಿ!" ಎಂದರು.

"ಗೊಂಬೆಗಲ್ಲ, ಇವಳ ಹೆಬ್ಬೆರಳಿಗೆ," ಎಂದಳು ಅತ್ತೆ. "ಹೆಬ್ಬೆರಳಲ್ಲಿ ನಮ್ಮದೇ ನಾಡಿ ಜೋರಾಗಿ ಬಡೀತಿರತ್ತೆ. ಅದಕ್ಕೇ ಎರಡನೇ ಮೂರನೇ ಬೆರಳಲ್ಲಿ ನೋಡಬೇಕು ಅಂತ ಮೊದಲ ದಿನ ಹೇಳಿಕೊಡ್ತೀವಿ. ಗಾಬರಿ ಆದಾಗ ಗುಬ್ಬಿ ಹೆಬ್ಬೆರಳು ಒತ್ತಿಬಿಡ್ತಾಳೆ. ನಾನು ಬೈದಿದೀನಿ. ನಾಡಿ ಸರ್ ಮಾತ್ರ ಯಾವತ್ತೂ ತಿದ್ದಲಿಲ್ಲ. ನಿನ್ನೆ ಮೆಟ್ಟಿಲು ಹತ್ತಿ ಓಡಿದ ಹುಡುಗಿಯ ಎದೆ ನೂರ ಹನ್ನೆರಡು ಬಡಿದುಕೊಳ್ತಿತ್ತು. ಅವಳು ಎಣಿಸಿದ್ದು ಅದನ್ನ. ತಾತ ಅಷ್ಟರಲ್ಲಿ ಹೋಗಿಬಿಟ್ಟಿದ್ರು."

"ಹಾಗಾದ್ರೆ ಆಯಾ..." ಇನ್ಸ್‌ಪೆಕ್ಟರ್ ಎದ್ದು ನಿಂತರು.

"ಹೆಣಕ್ಕೆ ಹಾಲು ತಗೊಂಡು ಹೋದಳು ಪಾಪ. ನಾಡಿ ಒಂದನ್ನ ತೆಗೆದುಹಾಕಿ ನೋಡಿ. ಜೀವ ಇದ್ದಾಗ ಕೊನೇಲಿ ಜೊತೆಗಿದ್ದವರು ಯಾರು? ಅವರಿರುವಾಗಲೇ ಮಂಚ ಒದ್ದಾಡಿ ಥಟ್ಟನೆ ನಿಂತಿತು. ನಿದ್ದೆಗೆ ಹೋಗೋ ಮಂಚ ಹಾಗೆ ನಿಲ್ಲಲ್ಲ."

ನಾಡಿ ಸರ್ ನಕ್ಕರು. ನಗು ತುಟಿ ದಾಟಲಿಲ್ಲ. "ಹಿಂದೆಮುಂದೆ ಯಾರೂ ಇಲ್ಲದ ಮುದುಕರನ್ನ ನಾನು ಯಾಕೆ ಕೊಲ್ಲಲಿ ಮೇಡಂ?"

"ಯಾರೂ ಇಲ್ಲದವರಲ್ಲ, ನಿಮ್ಮ ದೊಡ್ಡಪ್ಪ. ನಿಮ್ಮ ಊರಿನಿಂದ ಇನ್ಸ್‌ಪೆಕ್ಟರಿಗೆ ಉತ್ತರ ಬಂದಿದೆ. ಬೈಕೂ ಇಲ್ಲ, ಪೆಟ್ಟೂ ಇಲ್ಲ. ನಿಮ್ಮ ಅಜ್ಜಿ ಹಾಗೇ ಕೈಕಾಲು ಕುಣಿಸ್ತಾ ಹೋದ್ರು. ನಿಮ್ಮ ತಂದೇನೂ ಹಾಗೇ ಹೋದ್ರು." ಅತ್ತೆಯ ದನಿ ಪಾಠದ ದನಿಯಾಯಿತು, ಆದರೆ ಮೆತ್ತಗೆ. "ಹುಡುಗೀರೇ, ಕೆಲವು ಕಾಯಿಲೆಗೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಕೆಟ್ಟ ಜೀನ್ ಬಂದ್ರೂ ಸಾಕು. ಪ್ರತಿ ಮಗುವಿಗೂ ಅದು ಬರೋದು, ಬಾರದಿರೋದು ನಾಣ್ಯ ಚಿಮ್ಮಿದ ಹಾಗೆ. ನಡುವಯಸ್ಸಿನ ತನಕ ಹೊರಗೆ ಏನೂ ಕಾಣಲ್ಲ. ಸರ್‌ಗೆ ಬಂದಿದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಪರೀಕ್ಷೆ ಇದೆ, ಇವರು ಮಾಡಿಸಿಲ್ಲ. ದೊಡ್ಡಪ್ಪ ಮಾತ್ರ, ಮದುವೆಗೆ ಕೇಳಿದ ಹುಡುಗಿಗೆ ನಿಜ ಹೇಳಿಬಿಡು ಅಂತ ತೊದಲುತ್ತಲೇ ಹಟ ಹಿಡಿದಿರಬೇಕು. ಇವರು ಹೇಳಲಿಲ್ಲ. ಅದಕ್ಕೇ ಆ ಮನುಷ್ಯ ಹಿಡಿತಕ್ಕೆ ಸಿಗದ ಕೈಯಲ್ಲೇ ತನ್ನ ಕಿವಿ ತೋರಿಸಿ ತೋರಿಸಿ ಹೇಳ್ತಿದ್ರು, ಇವನು ನಮ್ಮವನು ಅಂತ."

ನಾನು ತಾತನಿಗೆ ಜೋರಾಗಿ ಓದಿದ ಆ ಮಧ್ಯಾಹ್ನಗಳೆಲ್ಲ ಕಣ್ಣಮುಂದೆ ಬಂದವು.

"ಎಲ್ಲ ಊಹೆ," ಎಂದರು ನಾಡಿ ಸರ್.

"ಹಾಗಾದ್ರೆ ನಿಮ್ಮ ನಾಡಿ ಕೊಡಿ." ಅತ್ತೆ ಕೈ ಚಾಚಿದಳು. "ವರ್ಷಗಟ್ಟಲೆ ಮಣಿಕಟ್ಟು ಚಾಚಿದವರು, ಈ ಸೆಖೇಲಿ ಗುಂಡಿ ಹಾಕ್ಕೊಂಡು ಕುತ್ತಿಗೆ ತೋರಿಸ್ತಿದೀರಲ್ಲ."

ಅವರು ಅಲುಗಲಿಲ್ಲ. ಇನ್ಸ್‌ಪೆಕ್ಟರೇ ಗುಂಡಿ ಬಿಚ್ಚಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಉಗುರಿನ ನಾಲ್ಕು ಗೀರುಗಳು, ಹೆಪ್ಪುಗಟ್ಟಿ ಕಪ್ಪಾಗಿದ್ದವು. ದಿಕ್ಕುದೆಸೆಯಿಲ್ಲದೆ ಆಡುತ್ತಿದ್ದ ಆ ಮುದಿ ಕೈ ಕೊನೆಯ ಸಲ ಗುರಿ ತಪ್ಪಿರಲಿಲ್ಲ.

ಆಯಾ ಸೆರಗಿನಿಂದ ಮುಖ ಮುಚ್ಚಿಕೊಂಡು ಬಿಕ್ಕಿದಳು. ಗುಬ್ಬಿ ತನ್ನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಇನ್ಸ್‌ಪೆಕ್ಟರ್ ತೋಳು ಹಿಡಿದಾಗ ನಾಡಿ ಸರ್ ಸುಮ್ಮನೆ ನಡೆದರು. ನನ್ನ ಮುಂದೆ ಬಂದಾಗ ನಿಂತರು. ಆ ದಿನ ಮೊದಲ ಬಾರಿಗೆ ನಾನು ಅವರ ಕಿವಿಯನ್ನಲ್ಲ, ಮುಖವನ್ನು ನೋಡಿದೆ. ಅದು ಬಹಳ ದಿನದಿಂದ ನಿದ್ದೆಯಿಲ್ಲದವರ ಮುಖ.

"ಗೊತ್ತಾಗಿದ್ರೆ ನೀವು ಬೇಡ ಅಂತಿದ್ರಿ," ಎಂದರು. "ಅಲ್ವಾ?"

ಗೊಂಬೆಗಳು ಚಾವಣಿ ನೋಡುತ್ತಿದ್ದವು. ನನ್ನ ಎದೆ ಎಷ್ಟು ಬಡಿಯಿತೋ ನಾನು ಎಣಿಸಲಿಲ್ಲ. ಗಂಟಲು ತಾನಾಗಿ ತೆರೆದುಕೊಂಡಿತು, ಗೋಡೆಗೆ ಅಂಟಿ ನಿಂತಿದ್ದ ಕೊನೆಯ ಹುಡುಗಿಗೂ ಕೇಳಿಸುವಷ್ಟು.

"ಇಲ್ಲ ಸರ್. ಗೊತ್ತಾಗಿದ್ರೂ ಹೂಂ ಅಂತಿದ್ದೆ."