ಸೀಲ್ ಬೆರಳು

ಜುಲೈ ಒಂಬತ್ತು, ಬೆಳಿಗ್ಗೆ ಯೊವಾನಾಸಿ ಬುಸುಗುಡುತ್ತ ಉತ್ತರ ಧ್ರುವದ ಅಂಚಿನ ಆ ಊರಿನ ಪೊಲೀಸ್ ಠಾಣೆಗೆ ಬಂದ. ಊರಿನ ಶೀತಾಗಾರದ ಉಸ್ತುವಾರಿ ಅವನದು. ಬೀಗ ಮುರಿದು, ಹಿಮಗಡಲಲ್ಲಿ ಬೇಟೆಯಾಡಿದ ಸೀಲ್ ಪ್ರಾಣಿಯ ಮಾಂಸ ಕದ್ದಿದ್ದಾರೆ ಎಂದು ದೂರು ಕೊಟ್ಟ.

ಠಾಣೆಯ ಮುಖ್ಯಸ್ಥೆ ಕಾರ್ಪೊರಲ್ ಲೀತಿಯಾಗೆ ತಲೆಬುಡ ತಿಳಿಯಲಿಲ್ಲ. ಅದು ಬೇಟೆಗಾರರು ಊರಿಗೆಂದು ಬಿಟ್ಟ ಮಾಂಸ. ಕೇಳಿದವರಿಗೆಲ್ಲ ಪುಕ್ಕಟೆ.

"ಪುಕ್ಕಟೆ ಸಿಗೋದನ್ನ ಯಾವನಯ್ಯ ಕದೀತಾನೆ?"

"ಅದನ್ನ ಹುಡುಕೋಕೇ ನಿನಗೆ ಸಂಬಳ."

ದೂರು ದಾಖಲಾಯಿತು, ಸ್ಥಳ ಪರಿಶೀಲನೆಯೂ ಆಯಿತು. ಮನೆಮನೆ ವಿಚಾರಿಸಿ ಬಂದ ಕಾನ್‌ಸ್ಟೆಬಲ್ ಡುವಾಲ್ ತಲೆ ಕೆರೆದುಕೊಂಡ. "ಮೇಡಂ, ಕಳ್ಳತನ ಆದಮೇಲೆ ಮುದುಕರ ಮನೇಲೆಲ್ಲ ಮಾಂಸ ಜಾಸ್ತಿಯಾಗಿದೆ!"

ಮಧ್ಯಾಹ್ನ ಲೀತಿಯಾ ಊಟಕ್ಕೆ ತಾಯಿಯ ಮನೆಗೆ ಹೋದಳು. ತಾಯಿ ಊರ ವಾಡಿಕೆಯಂತೆ ಹಸಿಯಾಗಿಯೇ ತಿನ್ನುವ ಸೀಲ್ ಮಾಂಸ ಕೊಯ್ಯುತ್ತ ಗೊಣಗುತ್ತಿದ್ದಳು.

"ಪಲ್ಲುಕ್ ತಂದುಕೊಟ್ಟ, ಬೆಳಿಗ್ಗೆ ಹೊಡೆದದ್ದಂತೆ. ಕಲ್ಲಾಗಿದೆ ನೋಡು, ಚಾಕು ಮೊಂಡಾಯ್ತು."

ಎರಡು ತುಂಡು ನುಂಗಿದ ಮೇಲೆ ಲೀತಿಯಾಳ ಕೈ ನಿಂತಿತು. ಚಳಿಗಾಲವಾಗಿದ್ದರೆ ಸರಿ. ಜುಲೈನಲ್ಲಿ ಆಗ ತಾನೆ ಹೊಡೆದ ಸೀಲ್ ಹೀಗೆ ಹೆಪ್ಪುಗಟ್ಟುವುದುಂಟೇ? ಸಾಕ್ಷ್ಯವನ್ನೇ ತಿಂದುಬಿಟ್ಟೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಪಲ್ಲುಕ್ ಊರಿನ ದೊಡ್ಡ ಬೇಟೆಗಾರ. ಲೀತಿಯಾ ಹುಟ್ಟುವ ಮೊದಲಿನಿಂದಲೂ ಮುದುಕರ ಮನೆಗಳಿಗೆ ಮಾಂಸ ಹಂಚಿದವನು. ಅವಳು ಅವನ ಮನೆಗೆ ಹೋದಾಗ, ಬೆಚ್ಚಗಿನ ಮನೆಯೊಳಗೂ ಬಲಗೈಗೆ ಗವಸು ಹಾಕಿ ಕುಳಿತಿದ್ದ.

"ಗವಸು ತೆಗಿ, ಮಾವ."

"ಚಳಿ ಕಣೇ."

"ತೆಗಿ ಅಂದೆ."

ಬಂದೂಕಿನ ಕುದುರೆ ಎಳೆಯುವ ತೋರುಬೆರಳು ಊದಿ ಎರಡರಷ್ಟಾಗಿತ್ತು, ಬಾಗುತ್ತಿರಲಿಲ್ಲ. ಕಂಡೊಡನೆ ಅವಳಿಗೆ ತಿಳಿಯಿತು, ಸೀಲ್ ಬೆರಳು. ಸೀಲ್‌ಗಳ ಬಾಯಲ್ಲಿರುವ ಬ್ಯಾಕ್ಟೀರಿಯಾ, ಕೊಯ್ಯುವಾಗ ಗಾಯದೊಳಗೆ ಇಳಿದಿತ್ತು.

"ನರ್ಸ್ ಹತ್ರ ಯಾಕೆ ಹೋಗಲಿಲ್ಲ?"

"ನಿನ್ನ ತಾತನಿಗೆ ಏನ್ಮಾಡಿದ್ರು? ಬೆರಳೇ ಕತ್ತರಿಸಿದ್ರು. ಆಮೇಲೆ ಬಂದೂಕು ಮುಟ್ಟಿದ್ನಾ ಅವನು?"

"ಅದು ಆ ಕಾಲ. ಈಗ ಮಾತ್ರೆ ಇದೆ. ಹೋಗ್ಲಿ, ಮಾಂಸ ಕೇಳಿದ್ರೆ ಯೊವಾನಾಸಿ ಕೊಡ್ತಿದ್ನಲ್ಲ?"

"ನಾನು ಕೇಳೋನಲ್ಲ ಮಗಳೇ, ಕೊಡೋನು."

 ಸಂಜೆ ನಾಲ್ಕಕ್ಕೆ ಲೀತಿಯಾ ಅವನನ್ನು ಬಂಧಿಸಿ, ಠಾಣೆಗಿಂತ ಮೊದಲು ಆಸ್ಪತ್ರೆಗೆ ಕರೆದೊಯ್ದಳು. ಮಾತ್ರೆ ಕೊಟ್ಟ ನರ್ಸ್, ತಡವಾಗಿದೆ, ಬೆರಳು ಉಳಿಯುತ್ತದೆ, ಬಾಗುತ್ತದೋ ಇಲ್ಲವೋ ಹೇಳಲಾರೆ ಎಂದಳು.

"ಮೂಲೆಮನೆ ಮುದುಕಿ ಏಲಿಸಪಿಗೆ ಒಂದು ತುಂಡು ಬಾಕಿಯಿತ್ತು," ಎಂದ ಪಲ್ಲುಕ್, ಬೆರಳನ್ನೇ ನೋಡುತ್ತ.

ಯೊವಾನಾಸಿಯನ್ನು ಕೇಳಿದರೆ, "ಊರಿನ ಮಾಂಸ ತಾನೆ, ಕೊಡು" ಎಂದು ಸಿಡುಕಿದ. ಲೀತಿಯಾ ತಾನೇ ಒಯ್ದಳು.

"ಯಾರು ಕಳಿಸಿದ್ದು?" ಮುದುಕಿ ಕೇಳಿದಳು.

"ಇನ್ಯಾರು? ಪಲ್ಲುಕ್ ಮಾವ."