ಕನ್ನಡಕ ತೆಗೆದ ಫೋಟೊ

ಫೋಟೊದಲ್ಲಿ ಬಂದಿದ್ದವಳು ಅಕ್ಕ.

ಸ್ಟುಡಿಯೋದವನು ಯಂತ್ರದಿಂದ ಆಗತಾನೇ ಹೊರಬಿದ್ದ ಪಾಸ್‌ಪೋರ್ಟ್ ಅಳತೆಯ ಫೋಟೊಗಳ ಹಾಳೆಯನ್ನು ಗಾಳಿಗೆ ಆಡಿಸಿ ಮುಂದಿಟ್ಟ. ಅವಳು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಅದೇ ಅಗಲ ಹಣೆ, ತುಸು ಇಳಿದ ಅದೇ ಎಡರೆಪ್ಪೆ, ಏನೋ ಹೇಳಹೊರಟು ಬೇಡವೆಂದು ಬಿಟ್ಟಂಥ ಅದೇ ತುಟಿ. ತೀರಿಕೊಂಡು ಹತ್ತು ವರ್ಷವಾದ ಅಕ್ಕ ಸಾಲು ಸಾಲು ಕಿಟಕಿಗಳಿಂದ ಒಟ್ಟಿಗೇ ಇಣುಕಿದಂತಿತ್ತು.

“ಯಾಕೆ, ಚೆನ್ನಾಗಿ ಬಂದಿಲ್ವಾ?”

“ತುಂಬಾ ಚೆನ್ನಾಗಿ ಬಂದಿದ್ದಾಳೆ.”

“ಬಂದಿದ್ದಾಳಾ?” ಅವನು ನಕ್ಕ. “ಬೇರೆ ಯಾರದೋ ಫೋಟೊ ಕೊಟ್ಟುಬಿಟ್ಟೆನಾ ನಾನು?”

ಅವಳು ನಾಲಿಗೆ ಕಚ್ಚಿಕೊಂಡಳು.

ಎಂಟನೇ ವಯಸ್ಸಿಗೇ ಅವಳಿಗೆ ದಪ್ಪ ಗಾಜಿನ ಕನ್ನಡಕ ಬಂದಿತ್ತು. ಹಾಕಿಕೊಂಡರೆ ಕನ್ನಡಿಯಲ್ಲಿ ಕನ್ನಡಕವೇ ಮೊದಲು ಕಾಣುವುದು. ತೆಗೆದರೆ ಅಲ್ಲಿ ಮುಖವೇ ಇಲ್ಲ, ನೀರಿಗೆ ಬಿದ್ದ ಬಣ್ಣ. ಹೀಗಾಗಿ ತನ್ನ ಬರಿ ಮುಖ ಹೇಗಿದೆಯೆಂದು ಮೂವತ್ತೊಂದು ತುಂಬಿದ ಈ ವಯಸ್ಸಿನವರೆಗೂ ಅವಳು ಸರಿಯಾಗಿ ನೋಡಿರಲೇ ಇಲ್ಲ. ಈಗ ಹೊಸ ಕೆಲಸಕ್ಕೆ ಪೊಲೀಸ್ ತಪಾಸಣೆ ಆಗಬೇಕು, ತಪಾಸಣೆಗೆ ಗುರುತಿನ ದಾಖಲೆ ಬೇಕು, ದಾಖಲೆಯ ಜೊತೆಗೆ ಫೋಟೊ ಬೇಕು, ಆ ಫೋಟೊದಲ್ಲಿ ಕನ್ನಡಕ ಇರಕೂಡದು. ನಿಯಮ ಮುಖದಿಂದ ಕನ್ನಡಕ ತೆಗೆಸಿತು. ಅದರ ಹಿಂದೆ ಅಕ್ಕ ಇದ್ದಳು.

ಅಕ್ಕ ಹೋದದ್ದೂ ಮೂವತ್ತೊಂದಕ್ಕೇ.

ಚಿಕ್ಕಂದಿನಲ್ಲಿ ಮನೆಯವರು ಇವಳನ್ನು ಕರೆಯುತ್ತಿದ್ದದ್ದು ‘ಬಾಲ’ ಎಂದು. ಅಕ್ಕ ಎಲ್ಲಿ ಹೋದರೂ ಒಂದು ಹೆಜ್ಜೆ ಹಿಂದೆ ಇವಳು. ಅಕ್ಕ ಹೋದರೂ ಆ ಅಭ್ಯಾಸ ಹೋಗಲಿಲ್ಲ. ಮೆಟ್ಟಿಲು ಹತ್ತುವಾಗ, ರಸ್ತೆ ದಾಟುವಾಗ, ಮುಂದೆ ಒಬ್ಬರಿಗೆ ಜಾಗ ಬಿಟ್ಟೇ ನಡೆಯುತ್ತಾಳೆ. ಸುತ್ತ ಸದ್ದಡಗಿದ್ದರೆ ಆ ಖಾಲಿ ಜಾಗದಲ್ಲಿ ಅಕ್ಕನಂತೆಯೇ ಹಿಮ್ಮಡಿಯನ್ನು ತುಸು ಎಳೆದಿಡುವ ಹೆಜ್ಜೆಯೊಂದು ಕೇಳುತ್ತದೆ. ಇದನ್ನು ಅವಳು ಯಾರಿಗೂ ಹೇಳಿಲ್ಲ. ಹೇಳಿದರೆ ಅದೂ ನಿಂತುಹೋದೀತೆಂಬ ಭಯ.

ಮನೆಗೆ ಬಂದಾಗ ಅಮ್ಮ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಫೋಟೊ ಕೈಗೆತ್ತಿಕೊಂಡವಳ ಮುಖ ಅರಳಿತು.

“ಇದ್ಯಾವಾಗ ತೆಗೆಸಿದ್ಲೇ ಅವಳು? ನನಗೆ ತೋರಿಸ್ಲೇ ಇಲ್ವಲ್ಲ!”

“ಅಮ್ಮಾ, ಅದು ನಾನು.”

ಅಮ್ಮ ಅವಳನ್ನು ನೋಡಿದಳು, ಫೋಟೊ ನೋಡಿದಳು. “ಹೌದಾ,” ಎಂದಳು, ಯಾರೋ ಬಾಗಿಲವರೆಗೂ ಬಂದು ವಾಪಸು ಹೋದರೆಂಬಂತೆ. ಆಮೇಲೆ ಒಂದನ್ನು ಕತ್ತರಿಸಿ, ಗೋಡೆಯ ಮೇಲಿದ್ದ ಅಕ್ಕನ ಚೌಕಟ್ಟಿನ ಮೂಲೆಗೆ ಸಿಕ್ಕಿಸಿದಳು. “ಇರಲಿ ಬಿಡು. ಇಬ್ಬರೂ ಒಂದೇ ಕಡೆ ಇರಿ.”

ಅವಳು ಅದನ್ನು ತೆಗೆಯಲು ಕೈ ಎತ್ತಿ, ಹಾಗೇ ಇಳಿಸಿದಳು.

ಅವಳ ಕೆಲಸ ಆಸ್ಪತ್ರೆಯ ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ. ಅಕ್ಕ ಜ್ವರದಲ್ಲಿ ಕಣ್ಣು ಮುಚ್ಚಿದ್ದು ಇದೇ ಆಸ್ಪತ್ರೆಯ ಹಾಸಿಗೆಯ ಮೇಲೆ. ಬೇರೆಲ್ಲೂ ಮನಸ್ಸು ನಿಲ್ಲದೆ ಇವಳು ಇಲ್ಲೇ ಬಂದು ಸೇರಿಕೊಂಡಿದ್ದಳು. ಯಾವ ಹೊದಿಕೆ ಮಡಿಸಿದರೂ ಅಕ್ಕ ಹೊದ್ದದ್ದು ಇದೇ ಇರಬಹುದೇ ಎಂದು ಬೆರಳು ತಡೆಯುತ್ತಿತ್ತು. ಒಂದು ದಿನ ಮೇಲಿನ ಮಕ್ಕಳ ವಾರ್ಡಿಗೆ ದಿಂಬಿನ ಚೀಲ ಕೊಡಲು ಹೋದವಳು, ಸುಮ್ಮನೆ ಒಂದು ಚೀಲವನ್ನು ತಿರುಚಿ ಮೊಲ ಮಾಡಿದಳು. ಬಂದಾಗಿನಿಂದ ತುಟಿ ಬಿಚ್ಚದ ಮಗುವೊಂದು, “ಕಿವಿ ಇನ್ನೂ ಉದ್ದ ಬೇಕು,” ಎಂದಿತು. ಆ ಮಾತು ಅವಳ ಜೊತೆಗೇ ಮೆಟ್ಟಿಲಿಳಿದು ಬಂತು. ಮಕ್ಕಳನ್ನು ಆಡಿಸುವ ಸಹಾಯಕಿಯ ಹುದ್ದೆ ಖಾಲಿಯಾದದ್ದೇ ತಡ, ಅರ್ಜಿ ಹಾಕಿದಳು. ಇಷ್ಟು ವರ್ಷದಲ್ಲಿ ತನಗೆಂದು ಬಯಸಿದ್ದು ಅದೊಂದೇ. ಇನ್ನೊಂದಿತ್ತು, ಅದಕ್ಕೆ ಅರ್ಜಿ ಹಾಕುವ ಕಿಟಕಿ ಎಲ್ಲೂ ಇರಲಿಲ್ಲ.

ದಾಖಲೆ ವಿಭಾಗದ ಮೇಡಂ ಅವಳ ಕಾಗದಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿದರು.

“ಹುಟ್ಟಿದ ದಾಖಲೆ, ಸರಿ. ವಿಳಾಸ, ಸರಿ. ಈ ಗುರುತಿನ ಚೀಟಿಲಿರೋಳು ಯಾರು, ಫೋಟೊದಲ್ಲಿರೋಳು ಯಾರಮ್ಮ?”

“ಎರಡೂ ನಾನೇ ಮೇಡಂ. ಚೀಟಿ ಹಳೇದು, ಕನ್ನಡಕ ಇದೆ.”

“ಕನ್ನಡಕ ತೆಗೆದ್ರೆ ಮನುಷ್ಯರೇ ಬದಲಾಗ್ತಾರಾ? ಹೀಗೆ ಕಳಿಸಿದ್ರೆ ಪೊಲೀಸಿನೋರು ವಾಪಸ್ ಎಸೀತಾರೆ.” ಮೇಡಂ ಒಂದು ಹಾಳೆ ಎಳೆದುಕೊಟ್ಟರು. “ಯಾರಾದ್ರೂ ಫೋಟೊ ಹಿಂದೆ ಇವಳು ಅವಳೇ ಅಂತ ಬರೆದು, ಇದಕ್ಕೆ ಸಹಿ ಹಾಕ್ಲಿ. ಡಾಕ್ಟರು, ವಕೀಲರು, ಮೇಷ್ಟ್ರು, ಕಣ್ಣು ಪರೀಕ್ಷೆ ಮಾಡೋರು, ಯಾರಾದ್ರೂ ಸರಿ. ಹಳೇ ಪರಿಚಯ ಇರಬೇಕು, ಸಂಬಂಧಿ ಆಗಿರಬಾರ್ದು. ಶುಕ್ರವಾರ ದಾಟಿದ್ರೆ ಕೆಲಸ ಪಟ್ಟಿಯಲ್ಲಿರೋ ಮುಂದಿನೋಳಿಗೆ.”

“ಕಣ್ಣು ಪರೀಕ್ಷೆ ಮಾಡೋರೊಬ್ರು ಗೊತ್ತು.”

“ಸಂಬಂಧಿಯಾ?”

“ಆಗಬೇಕಿತ್ತು. ಆಗ್ಲಿಲ್ಲ.”

ಮೇಡಂ ತಲೆ ಎತ್ತಲಿಲ್ಲ. “ಆಗ್ಲಿಲ್ಲ ಅಂದ್ರೆ ಅಲ್ಲ. ಹೋಗು.”

ಅಕ್ಕನನ್ನು ಮದುವೆಯಾಗಬೇಕಿದ್ದ ಅವನನ್ನು ಒಂದು ಕಾಲಕ್ಕೆ ಅವಳು ಬಾಯ್ತುಂಬ ‘ಭಾವ’ ಎನ್ನುತ್ತಿದ್ದಳು. ಮದುವೆಗೆ ಮುಂಚೆಯೇ, ಅಕ್ಕನನ್ನು ಕೆಣಕಲೆಂದು. ಅಕ್ಕನೂ ಅವನೂ ಪಾರ್ಕಿಗೆ ಹೊರಟರೆ ಅಮ್ಮ ಇವಳನ್ನು ಜೊತೆಗೆ ಅಟ್ಟುತ್ತಿದ್ದಳು. ಅವನು ಐಸ್‌ಕ್ರೀಮ್ ಕೊಡಿಸಿ, “ಬಾಲ, ಆ ಬೆಂಚಲ್ಲಿ ಕೂತು ತಿನ್ನು. ನಿಧಾನಕ್ಕೆ ತಿನ್ನು,” ಎನ್ನುತ್ತಿದ್ದ. ಅಕ್ಕ ಹೋದ ದಿನದಿಂದ ಆ ಬಾಯಲ್ಲಿ ‘ಬಾಲ’ ಇಲ್ಲ, ಈ ಬಾಯಲ್ಲಿ ‘ಭಾವ’ ಇಲ್ಲ. ಉಳಿದದ್ದು ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. ಅವನ ಅಂಗಡಿಯ ಹಿಂದಿನ ಕತ್ತಲ ಕೋಣೆ, ಎತ್ತರದ ಕುರ್ಚಿ, ಅವಳ ಕನ್ನಡಕ ಅವನ ಅಂಗೈಯಲ್ಲಿ. “ಈಗ ಸ್ಪಷ್ಟವೋ? ಈಗಲೋ?” ಎನ್ನುತ್ತ ಅವನು ಗಾಜು ಬದಲಿಸುವನು. ಅವಳು ಬೇಕೆಂದೇ ತಡಮಾಡಿ ಉತ್ತರಿಸುವಳು. ಆ ಕೆಲವು ನಿಮಿಷ ಒಂದು ವರ್ಷಕ್ಕೆ ಸಾಲಬೇಕಿತ್ತು.

ಅಂಗಡಿಯ ಗಾಜಿನ ಬಾಗಿಲು ತಳ್ಳಿದಾಗ ಅವನು ತಲೆ ಎತ್ತಿದ. ಕಿವಿಯ ಮೇಲೆ ಕೂದಲು ಬೆಳ್ಳಗಾಗಿತ್ತು.

“ಏನು, ಮತ್ತೆ ಕನ್ನಡಕದ ಮೇಲೆ ಕೂತ್ಯಾ?”

“ಒಂದು ಸಲ ಕೂತಿದ್ದಕ್ಕೆ ಜನ್ಮವೆಲ್ಲಾ ಹೇಳ್ತೀರಾ?”

“ಎರಡು ಸಲ.”

“ಎರಡನೇ ಸಲ ಕೂತಿದ್ದು ನಮ್ಮಮ್ಮ.”

ಅವನ ನಗು ಮೊದಲು ಕಣ್ಣಂಚಿನಲ್ಲಿ ಮೂಡಿ, ತುಟಿಗೆ ಬರುವ ಮುನ್ನವೇ ಮರೆಯಾಗುವಂಥದ್ದು. ಕೇಳದೆಯೇ ಕೈ ಚಾಚಿ ಅವಳ ಕನ್ನಡಕ ತೆಗೆದುಕೊಂಡು, ಸಡಿಲವಾದ ಕಡ್ಡಿಗೆ ತಿರುಪು ಬಿಗಿಯತೊಡಗಿದ. ಅವನು ಮಸುಕಾದದ್ದೇ ಅವಳಿಗೆ ಧೈರ್ಯ ಬಂತು. ಕೆಲಸದ ವಿಷಯ, ಮೊಲದ ಕಿವಿ, ಪೊಲೀಸ್ ತಪಾಸಣೆ, ಶುಕ್ರವಾರ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಫೋಟೊ ಮತ್ತು ಹಾಳೆಯನ್ನು ಮೇಜಿನ ಮೇಲಿಟ್ಟಳು.

ಕನ್ನಡಕ ಮೂಗಿನ ಮೇಲೆ ಕೂತಾಗ ಅವನ ಮುಖ ಬಿಳಿಚಿಕೊಂಡಿತ್ತು. ಅವನು ಫೋಟೊ ನೋಡುತ್ತಿದ್ದ. ಆಮೇಲೆ ಹಾಳೆ ಓದಿದ, ಮತ್ತೆ ಓದಿದ. ಪೆನ್ನಿನ ಮುಚ್ಚಳ ತೆಗೆದ, ಹಾಕಿದ.

“ಇದಕ್ಕೆ ನಾನು ಸಹಿ ಹಾಕೋಕಾಗಲ್ಲ.”

“ಯಾಕೆ?”

“ಬೇರೆ ಯಾರನ್ನಾದ್ರೂ ಕೇಳೋಣ. ನಾನೇ ಕೇಳ್ತೀನಿ.”

“ಇವಳು ನಾನೇ ಅಂತ ಹೇಳೋಕೆ ನಿಮಗೂ ಕಷ್ಟಾನಾ?”

ಅವನು ಫೋಟೊವನ್ನು ಹಾಳೆಯ ಮೇಲೆ ಮಗುಚಿಟ್ಟು ಅವಳತ್ತ ಸರಿಸಿದ. ಅದಕ್ಕೆ ಅವಳಿಗೆ ಒಂದೇ ಅರ್ಥ ಹೊಳೆಯಿತು. ಹಾಳೆ ಮಡಚಿ, “ಗೊತ್ತಾಯ್ತು ಬಿಡಿ,” ಎಂದು ಹೊರಟುಬಂದಳು.

ಮುಸ್ಸಂಜೆಯ ರಸ್ತೆಯಲ್ಲಿ ಜನವಿರಲಿಲ್ಲ. ಮುಂದೆ ಹಿಮ್ಮಡಿ ಎಳೆಯುವ ಸದ್ದು. ಹತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಸಿಟ್ಟು ಬಂತು.

“ಸ್ವಲ್ಪ ಪಕ್ಕಕ್ಕೆ ಸರಿಯೇ ಅಕ್ಕಾ,” ಎಂದಳು ಖಾಲಿ ರಸ್ತೆಗೆ. “ನನ್ನನ್ನೂ ಯಾರಾದ್ರೂ ನೋಡ್ಲಿ.”

ಸದ್ದು ನಿಂತಿತು. ನಿಂತದ್ದೇ ಅವಳ ಕಣ್ಣು ತುಂಬಿ ಬಂತು.

ಗುರುವಾರ ಸಂಜೆ ಬಟ್ಟೆ ಕೋಣೆಯಲ್ಲಿ ಅವಳೊಬ್ಬಳೇ ಇದ್ದಳು. ಯಾರನ್ನೂ ಕೇಳಿರಲಿಲ್ಲ, ಹಾಳೆ ಏಪ್ರನ್ನಿನ ಜೇಬಿನಲ್ಲೇ ಮುದುಡಿತ್ತು. ದೊಡ್ಡ ಹೊದಿಕೆಯೊಂದನ್ನು ಒಬ್ಬಳೇ ಮಡಿಸಲು ಒದ್ದಾಡುತ್ತಿದ್ದಾಗ, ನೆಲಕ್ಕೆ ತಾಗುತ್ತಿದ್ದ ಆ ಕಡೆಯ ಅಂಚು ಮೇಲೆದ್ದಿತು. ಹಿಡಿದಿದ್ದವನು ಅವನು.

“ಪಕ್ಕದ ಹಲ್ಲಿನ ಡಾಕ್ಟರಮ್ಮ ಸಹಿ ಹಾಕ್ತಾರೆ. ಹೇಳಿ ಬಂದಿದ್ದೀನಿ. ನಿನ್ನ ದವಡೆಹಲ್ಲು ಕಿತ್ತಿದ್ದು ಅವರಿಗೆ ನೆನಪಿದೆ. ನೀನು ಕಿರುಚಿದ್ದು ಇನ್ನೂ ಚೆನ್ನಾಗಿ ನೆನಪಿದೆಯಂತೆ.”

ಅವಳು ನಗಲಿಲ್ಲ. “ಫೋಟೊದಲ್ಲಿ ನಿಮಗೆ ಕಂಡಿದ್ದು ಅಕ್ಕ. ಅಷ್ಟು ಒಪ್ಪಿಕೊಂಡುಬಿಡಿ. ನಾನೇನೂ ಅಳಲ್ಲ.”

ಹೊದಿಕೆಯ ಅಂಚಿಗೆ ಅಂಚು ಸೇರಿಸಲು ಇಬ್ಬರೂ ಹತ್ತಿರ ಬಂದರು, ಮತ್ತೆ ಹಿಂದೆ ಸರಿದರು.

“ಆ ಹಾಳೆ ಓದಿದ್ಯಾ ನೀನು?”

“ಸಹಿ ಹಾಕೋರು ಓದ್ಬೇಕು. ನಾನ್ಯಾಕೆ ಓದ್ಲಿ?”

“ಕೊನೇ ಸಾಲು ಓದು.”

ಹೊದಿಕೆಯನ್ನು ಗದ್ದದ ಕೆಳಗೆ ಒತ್ತಿ ಹಿಡಿದು ಅವಳು ಹಾಳೆ ಬಿಡಿಸಿದಳು. ‘ಅರ್ಜಿದಾರರು ನನ್ನ ಸಂಬಂಧಿಯಲ್ಲ, ಮುಂದೆ ಸಂಬಂಧಿಯಾಗುವ ಉದ್ದೇಶವೂ ನನಗಿಲ್ಲವೆಂದು ದೃಢೀಕರಿಸುತ್ತೇನೆ.’

“ಮೊದಲರ್ಧ ನಿಜ,” ಎಂದ ಅವನು. “ಇನ್ನರ್ಧಕ್ಕೆ ಕೈ ಬರಲಿಲ್ಲ.”

ಗೋಡೆಯಾಚೆ ಒಗೆಯುವ ಯಂತ್ರಗಳು ಗುಂಯ್‌ಗುಡುತ್ತಿದ್ದವು. ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು. ಕಿವಿ ಬಿಸಿಯಾಯಿತು.

“ಯಾವತ್ತಿಂದ?”

“ಹೋದ ಪರೀಕ್ಷೆಲಿ ಒಂದೇ ಗಾಜನ್ನ ತೆಗೆದು ತೆಗೆದು ಹಾಕ್ತಿದ್ದೆ. ಈಗಲೋ, ಈಗಲೋ ಅಂದ್ರೆ ನೀನು ಹುಬ್ಬು ಗಂಟಿಕ್ಕಿ ಯೋಚನೆ ಮಾಡ್ತಿದ್ದೆ. ಅದಕ್ಕೂ ಮುಂಚಿಂದಾನೇ ಇರಬೇಕು. ಅವತ್ತು ನನಗೇ ಸಿಕ್ಕಿಬಿದ್ದೆ.”

“ಅಯ್ಯೋ! ನಾನು ಕಣ್ಣೇ ಹೋಯ್ತು ಅಂದ್ಕೊಂಡಿದ್ದೆ!”

“ನೀನು ತಡಮಾಡ್ತಿರಲಿಲ್ವಾ?”

ಅವಳು ಹೊದಿಕೆ ಕೊಡವಿದಳು. ಇನ್ನೊಂದು ಮಡಿಕೆ. ಈಗ ನಡುವೆ ಒಂದು ತೋಳಿನ ದೂರ.

“ಮತ್ತೆ ಫೋಟೊ ನೋಡಿ ಮುಖ ಯಾಕೆ ಬಿಳಿಚಿತು?”

“ಆ ಮುಖ ಗೊತ್ತಿರೋದು ನನಗೊಬ್ಬನಿಗೇ ಅಂದ್ಕೊಂಡಿದ್ದೆ. ಮೇಜಿನ ಮೇಲೆ ಯಾರದೋ ಅರ್ಜಿ ಥರ ಬಿದ್ದಿತ್ತು.” ಅವನು ಹೊದಿಕೆಯ ಸುಕ್ಕು ನೀವಿದ. “ನಿನ್ನಕ್ಕ ಆ ಕುರ್ಚಿ ಮೇಲೆ ಒಂದು ದಿನಾನೂ ಕೂತಿಲ್ಲ. ಅವಳ ಕಣ್ಣು ಚೆನ್ನಾಗಿತ್ತು. ಕ್ಯಾಮೆರಾ ಕಂಡ್ರೆ ನಗ್ತಿದ್ಲು. ನೀನು ಕ್ಯಾಮೆರಾನೇ ಏನೋ ತಪ್ಪು ಮಾಡಿದೆ ಅನ್ನೋ ಹಾಗೆ ನೋಡ್ತೀಯ. ಕನ್ನಡಕ ಇಲ್ಲದ ಈ ಮುಖ ನನಗೆ ಯಾವತ್ತೂ ಅವಳದ್ದಾಗಿರಲಿಲ್ಲ. ನಿಂದೇ.”

“ಅಕ್ಕನ್ನ ಮರೆತ್ರಾ?”

“ಇಲ್ಲ. ಮರೆತೆ ಅಂದಿದ್ರೆ ನನ್ನ ನಂಬ್ತಿದ್ಯಾ?”

“ಇಲ್ಲ,” ಎಂದಳು. ಕೊನೆಯ ಮಡಿಕೆಯಲ್ಲಿ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಬಿಡಲಿಲ್ಲ. ಇನ್ನೊಂದು ಕೈಯಿಂದ ಅವಳು ಕನ್ನಡಕ ತೆಗೆದಳು. “ಈಗ ನೀವು ನನಗೆ ಕಾಣ್ತಾ ಇಲ್ಲ.”

“ಗೊತ್ತು. ಆ ನಂಬರ್ ಬರೆದೋನು ನಾನೇ. ಗೇಣು ದೂರಕ್ಕೆ ಬರಬೇಕು.”

“ಬನ್ನಿ ಮತ್ತೆ.”

ಅವನು ಬಂದ. “ಈಗ ಸ್ಪಷ್ಟವೋ?”

“ಇನ್ನೂ ಸ್ವಲ್ಪ.”

“ಈಗಲೋ?”

ಈ ಸಲ ಅವಳು ತಡಮಾಡಲಿಲ್ಲ.

ಹಲ್ಲಿನ ಡಾಕ್ಟರಮ್ಮ ಬೀಗ ಹಾಕುವುದರಲ್ಲಿದ್ದವರು ಮತ್ತೆ ದೀಪ ಹಚ್ಚಿದರು. ಫೋಟೊ ನೋಡಿ, ಅವಳನ್ನು ನೋಡಿ, “ಎಲ್ಲಿ, ಬಾಯಿ ತೆಗಿ, ಗುರುತು ಹಿಡೀತೀನಿ,” ಎಂದರು. ಆಮೇಲೆ ಕೇಳಿದರು, “ಪಕ್ಕದಲ್ಲೇ ಅಂಗಡಿ ಇಟ್ಕೊಂಡು ನೀನ್ಯಾಕಪ್ಪ ಹಾಕ್ಲಿಲ್ಲ?” ಅವನು ನೆಲ ನೋಡಿದ, ಅವಳು ಛಾವಣಿ ನೋಡಿದಳು. ಡಾಕ್ಟರಮ್ಮ ಹಾಳೆಯ ಕೊನೆಯ ಸಾಲಿಗೆ ಬಂದು, ಕನ್ನಡಕದ ಮೇಲಿಂದ ಇಬ್ಬರನ್ನೂ ಒಮ್ಮೆ ನೋಡಿ, “ಓಹೋ,” ಎಂದರು.

“ಪೂರ್ತಿ ಹೆಸರು?”

ಅವಳು ಬಾಯಿ ತೆರೆಯುವ ಮುನ್ನ ಅವನೇ ಹೇಳಿದ. ಬಾಲವಲ್ಲ, ಮನೆಯಲ್ಲಿ ಯಾರೂ ಕರೆಯದ, ದಾಖಲೆಗಳಲ್ಲಷ್ಟೇ ಇದ್ದ ಅವಳದೇ ಹೆಸರು. ಒಬ್ಬರು ಬಾಯಿಬಿಟ್ಟು ಹೇಳಿದಾಗ ಅದು ಅಷ್ಟು ಚೆನ್ನಾಗಿ ಕೇಳುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಡಾಕ್ಟರಮ್ಮ ಫೋಟೊದ ಬೆನ್ನಿಗೆ ‘ಇದು ಅವಳದೇ ನಿಜವಾದ ಮುಖ’ ಎಂದು ಬರೆದು, ಆ ಹೆಸರು ಸೇರಿಸಿ ಸಹಿ ಹಾಕಿದರು. ನಾಳೆ ಮೇಡಂ ಕೈಗೆ. ಆಮೇಲೆ ಉದ್ದ ಕಿವಿಯ ಮೊಲ.

ಅವನು ಬಾಗಿಲು ತೆರೆದು ಹಿಡಿದ. ಅವಳು ಹೊರಗೆ ಹೆಜ್ಜೆಯಿಟ್ಟು, ಅಭ್ಯಾಸದಂತೆ ಮುಂದೆ ಜಾಗ ಬಿಟ್ಟು ಕಿವಿಗೊಟ್ಟಳು. ಮುಂದೆ ಏನೂ ಇರಲಿಲ್ಲ. ಬರಿ ರಸ್ತೆ, ದೀಪ. ಒಂದು ಕ್ಷಣ ಎದೆ ಖಾಲಿಯಾಯಿತು.

ಆಗ ಹಿಂದಿನಿಂದ, ಕ್ಲಿನಿಕ್ಕಿನ ಕತ್ತಲ ಪಡಸಾಲೆಯಿಂದ, ಹಿಮ್ಮಡಿ ಎಳೆಯುವ ಸದ್ದು ಕೇಳಿಸಿತು. ನಿಧಾನಕ್ಕೆ, ಅವಸರವಿಲ್ಲದೆ, ಒಂದು ಹೆಜ್ಜೆ ಹಿಂದೆ.

ಮುಂದಿನ ತಿಂಗಳ ಹುಟ್ಟುಹಬ್ಬ ಕಳೆದರೆ ಅಕ್ಕನಿಗಿಂತ ದೊಡ್ಡವಳು ತಾನು. ಹಾಗಾದರೆ ಬಾಲ ಈಗ ಅಕ್ಕ.

ಅವನು ಬಾಗಿಲು ಮುಚ್ಚಹೊರಟಾಗ ಅವಳು ಕೈ ಅಡ್ಡ ಹಿಡಿದಳು.

“ಯಾರಾದ್ರೂ ಬರೋರಿದ್ದಾರಾ?”

“ಹೂಂ. ಬರ್ಲಿ ಬಿಡಿ. ನಿಮ್ಮಿಬ್ಬರ ಹಿಂದೆ ನಾನೆಷ್ಟು ಸಲ ಬಂದಿಲ್ಲ!”

ಅವನು ಖಾಲಿ ಪಡಸಾಲೆಯನ್ನು ನೋಡಿದ. ನಗಲಿಲ್ಲ, ಪ್ರಶ್ನೆ ಕೇಳಲಿಲ್ಲ. ಒಬ್ಬರು ಆರಾಮಾಗಿ ದಾಟುವಷ್ಟು ಅಗಲವಾಗಿ ಬಾಗಿಲು ತೆರೆದು, ಹಾಗೇ ಹಿಡಿದು ನಿಂತ.

“ಹಾಗಾದ್ರೆ ಐಸ್‌ಕ್ರೀಮ್ ಕೊಡಿಸ್ಬೇಕು,” ಎಂದ ಮೆಲ್ಲಗೆ. “ನಿಧಾನಕ್ಕೆ ತಿನ್ನು ಅಂತ ಹೇಳ್ಬೇಕು.”