ಚೆನ್ಸುವಿನ ನೀರಿನಲ್ಲಿ ಎರಡು ಬೆಂಡು

ಒಬ್ಬ ಮೇವು ಹಾಕಿದ ನೀರಿಗೆ ಇನ್ನೊಬ್ಬ ಗಾಳ ಇಳಿಸಬಾರದು. ಮರ್ಸಸ್ಕಾಲಾ ಎಂಬ ಕಡಲೂರಿನ ಬಂಡೆಗಳ ಮೇಲೆ ಯಾರೂ ಬರೆದಿಡದ ಕಾನೂನು ಇದೊಂದೇ. ಬೆಳಗಾಗುವ ಮೊದಲೇ ಬಂದು, ನೆನೆಸಿದ ಬ್ರೆಡ್ಡನ್ನು ಹಿಂಡಿ ಹಿಂಡಿ ಎಸೆದು, ಮುಲೆಟ್ ಮೀನಿನ ಹಿಂಡನ್ನು ಕರೆದು ತಂದವನದೇ ಆ ನೀರು, ಅವನು ಎದ್ದು ಹೋಗುವ ತನಕ. ಅಣ್ಣತಮ್ಮಂದಿರಾದರೂ ಅಷ್ಟೇ. "ಬಾ, ನನ್ನ ನೀರಿಗೇ ಹಾಕು" ಎಂದು ಅವನಾಗಿ ಕರೆದರೆ ಮಾತು ಬೇರೆ. ಗಂಡಸು ಗಂಡಸನ್ನು ಕರೆದರೆ ಅದು ಗೆಳೆತನ. ಗಂಡಸು ಹೆಂಗಸನ್ನು ಕರೆದರೆ ಊರಿಗೆ ಒಂದು ವಾರದ ಸುದ್ದಿ.

ಆ ಅಕ್ಟೋಬರ್ ಬೆಳಿಗ್ಗೆ ಊರವರ ಬಾಯಲ್ಲಿ ಮೆನಾ ಆಗಿದ್ದ ಫಿಲುಮೆನಾ ತನ್ನ ಬ್ರೆಡ್ ಗಾಡಿಯನ್ನು ದಡದ ರಸ್ತೆಯಲ್ಲಿ ನಿಲ್ಲಿಸಿ ಕೆಳಗೆ ನೋಡಿದಾಗ, ಚೆನ್ಸುವಿನ ನೀರಿನಲ್ಲಿ ಗಾಳದ ಬೆಂಡುಗಳು ಎರಡು ತೇಲುತ್ತಿದ್ದವು.

ಒಂದು ಅವನದೇ. ಬಾಟಲಿಯ ಬಿರಡೆಯನ್ನು ಕೆತ್ತಿ, ತಲೆಗೆ ಕೆಂಪು ಬಳಿದದ್ದು. ಇನ್ನೊಂದು ಹಳದಿ, ಅಂಗಡಿಯದು, ಹೊಸ ಮದುಮಗಳ ಹಾಗೆ ಹೊಳೆಯುತ್ತಿತ್ತು. ಅಲೆ ಬಂದಾಗ ಎರಡೂ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ಒಮ್ಮೆ ಒಂದಕ್ಕೊಂದು ತಾಗಿಯೂ ಬಿಟ್ಟವು.

ಮೆನಾಳ ಹೊಟ್ಟೆಯೊಳಗೆ ಯಾರೋ ಊದುಗೊಳವೆ ಹಿಡಿದು ಒಲೆ ಊದಿದಂತಾಯಿತು.

ಹಳದಿ ಬೆಂಡು ಕೊನ್ನಿಯದು. ಇದೇ ಊರಿನ ಹುಡುಗಿ. ಮದುವೆಯಾಗಿ ಮೆಲ್ಬರ್ನಿಗೆ ಹೋಗಿ, ಮೂವತ್ತು ವರ್ಷ ಬಾಳಿ, ಗಂಡನನ್ನು ಅಲ್ಲಿಯ ಮಣ್ಣಿಗೆ ಕೊಟ್ಟು, ಮೂರು ವಾರದ ಹಿಂದೆ ಹಿಂದಿರುಗಿದವಳು. ತುಂಡು ಕೂದಲು, ಬೆಳ್ಳಂಬೆಳಿಗ್ಗೆಯೇ ತುಟಿಗೆ ಬಣ್ಣ, ನಕ್ಕರೆ ಆಚೆ ದಡಕ್ಕೆ ಕೇಳುವ ನಗು.

ಮೆನಾ ವಿಧವೆಯಾಗಿ ಹತ್ತು ವರ್ಷವಾಗಿತ್ತು. ಎಂಟು ಚಳಿಗಾಲದಿಂದ ಅವಳು ಎರಡು ದಿನದ ಹಳೆಯ ಬ್ರೆಡ್ಡನ್ನು ಚೆನ್ಸುವಿಗೆಂದೇ ತೆಗೆದಿಟ್ಟು ತರುತ್ತಿದ್ದಳು. ಮುಲೆಟ್ಟಿಗೆ ಹಳೆಯದೇ ಆಗಬೇಕು. ಹೊಸದು ಬೆರಳಿಗೆ ಗೋಂದಿನಂತೆ ಅಂಟುತ್ತದೆ, ನೀರಿಗಿಳಿದರೆ ಕರಗಿ ಹೋಗುತ್ತದೆ. ಬೀದಿ ಬೀದಿಯಲ್ಲಿ ಹಾರ್ನ್ ಒತ್ತಿ ಬ್ರೆಡ್ ಮಾರುತ್ತ ಅರ್ಧ ಊರು ಮುಗಿಸಿ, ಬಂಡೆಯ ಮೇಲೆ ಅವನ ಪಕ್ಕ ಕೂತು, ಗಾಜಿನ ಲೋಟದಲ್ಲಿ ಚಹಾ ಕುಡಿದು, ಮತ್ತೆ ಉಳಿದರ್ಧ ಊರಿಗೆ. ಶುಕ್ರವಾರ ಅವನು ಒಂದು ಮೀನು ಕೊಡುತ್ತಿದ್ದ, ಹೊಟ್ಟೆ ಸೀಳಿ ತೊಳೆದು. ಅಷ್ಟೇ. ಹಡಗುಕಟ್ಟೆಯಲ್ಲಿ ಮೂವತ್ತೈದು ವರ್ಷ ಕಬ್ಬಿಣ ಬೆಸೆದ ಆ ಬ್ರಹ್ಮಚಾರಿಗೆ ಎರಡು ಮಾತು ಬೆಸೆಯಲು ಬರುತ್ತಿರಲಿಲ್ಲ. ಅವಳೂ ಕೇಳಿರಲಿಲ್ಲ.

ಹಳೆಯ ಬ್ರೆಡ್ಡಿನ ಚೀಲವನ್ನು ಕೈಗೆತ್ತಿಕೊಂಡವಳು ಮತ್ತೆ ಅಲ್ಲೇ ಎಸೆದಳು. ಇನ್ನೂ ಬಿಸಿಯಾರದ ಒಂದು ಬ್ರೆಡ್ ತೆಗೆದುಕೊಂಡು ಕೆಳಗಿಳಿದಳು.

"ಬಂದ್ಯಾ ಮೆನಾ?" ಚೆನ್ಸು ಬೆಂಡಿನ ಮೇಲಿನ ಕಣ್ಣು ತೆಗೆಯದೆ ಕೇಳಿದ.

"ಬಂದೆ. ಜಾಗ ಇದ್ಯೋ ಇಲ್ವೋ ಅಂತ ಮೇಲಿಂದ ನೋಡ್ತಿದ್ದೆ."

"ಬಂಡೆ ಇಷ್ಟುದ್ದ ಇದೆಯಲ್ಲ."

"ನಾನು ಬಂಡೆ ಮಾತು ಆಡ್ಲಿಲ್ಲ."

ಕೊನ್ನಿ ತಿರುಗಿ ಕೈ ಬೀಸಿದಳು. "ಬಾರೇ ಮೆನಾ! ನಿಮ್ಮ ಚೆನ್ಸು ನನಗೆ ಪಾಠ ಹೇಳ್ತಿದಾನೆ. ಬೆಂಡು ನಡುಗಿದ ತಕ್ಷಣ ಎಳೀಬಾರದಂತೆ. ಮುಲೆಟ್ಟಿನ ತುಟಿ ಬಲು ಮೃದುವಂತೆ, ಜೋರು ಮಾಡಿದ್ರೆ ಹರಿದೇ ಹೋಗುತ್ತಂತೆ."

"ಹೌದಾ? ಎಂಟು ವರ್ಷದಲ್ಲಿ ನನಗೆ ಒಂದು ದಿನವೂ ತುಟಿ ವಿಚಾರ ಹೇಳ್ಲಿಲ್ಲ, ಪುಣ್ಯಾತ್ಮ."

ಪಕ್ಕದ ಬಂಡೆಯಲ್ಲಿ ಕೂತಿದ್ದ ಮುದುಕ ನಾರ್ದು ಚಹಾ ನೆತ್ತಿಗೇರಿ ಕೆಮ್ಮಿದ. ಚೆನ್ಸುವಿನ ಕಿವಿ ಕೆಂಪಾಯಿತು. ಆ ಕೆಂಪು ನೋಡಿ ಮೆನಾಳಿಗೆ ಒಂದು ಗಳಿಗೆ ತಂಪೆನಿಸಿತು. ಅಷ್ಟರಲ್ಲಿ ಕೊನ್ನಿ ಕೈ ಚಾಚಿ ಅವನ ಮಡಚಿದ್ದ ಕಾಲರನ್ನು ಸರಿ ಮಾಡಿದಳು. ಆ ತಂಪು ಅಲ್ಲಿಗೇ ಮುಗಿಯಿತು.

"ತಗೋ ನಿನ್ನ ಬ್ರೆಡ್ಡು."

ಅವನು ಅಂಗೈಯಲ್ಲಿ ತೂಗಿ ನೋಡಿದ. ಬಿಸಿ. ಅವಳ ಮುಖ ನೋಡಿದ. "ಇವತ್ತಿಂದು?"

"ಹೊಸಬರು ಬಂದಿರುವಾಗ ಹಳೇದು ಯಾಕೆ ಅಂತ ತಂದೆ."

ಚೆನ್ಸು ಬ್ರೆಡ್ ಮುರಿದ, ಒಳಗಿನ ಮೆತ್ತನೆಯದನ್ನು ತೆಗೆದು ನಾದಿದ, ಕೊಕ್ಕೆಗೆ ಮೆತ್ತಿದ, ನೀರಿಗೆ ಬಿಟ್ಟ. ಎತ್ತಿದಾಗ ಕೊಕ್ಕೆ ಬರಿದಾಗಿತ್ತು. ಮತ್ತೆ ಮೆತ್ತಿದ. ಮತ್ತೆ ಬರಿದು.

"ಏನೋ ಚೆನ್ಸು, ಅದು ಬ್ರೆಡ್ಡೋ ಗೋಡೆ ಗಾರೆಯೋ?" ನಾರ್ದು ಕೂಗಿದ. "ಬುಟ್ಟೀಲಿ ನಿನ್ನೆ ನಾದಿದ ಹಿಟ್ಟು ಇದೆಯಲ್ಲೋ!"

"ಅದು ಕೊನ್ನಿಗಿರ್ಲಿ. ನನಗೆ ಇದೇ ಸಾಕು."

ಮೆನಾ ಲೋಟಕ್ಕೆ ಚಹಾ ಬಗ್ಗಿಸಿಕೊಂಡಳು. ಅವನು 'ಇದೇ ಸಾಕು' ಅಂದದ್ದು ಅವಳ ಕಿವಿಗೆ ಬೀಳಲಿಲ್ಲ, 'ಕೊನ್ನಿಗಿರ್ಲಿ' ಅಂದದ್ದು ಮಾತ್ರ ಬಿತ್ತು. ಹೊಟ್ಟೆಕಿಚ್ಚಿನ ಕಿವಿಯೇ ಹಾಗೆ, ಬೇಕಾದ್ದನ್ನು ಸೋಸಿ ಚೆಲ್ಲುತ್ತದೆ, ಚರಟವನ್ನು ಉಳಿಸಿಕೊಳ್ಳುತ್ತದೆ.

"ಚೆನ್ಸು, ಭಾನುವಾರ ಊಟಕ್ಕೆ ಮನೆಗೆ ಬಾ," ಕೊನ್ನಿ ಅಂದಳು. "ಮೊಲ ಮಾಡ್ತೀನಿ. ನಮ್ಮಮ್ಮ ಮಾಡ್ತಿದ್ದ ಹಾಗೆ, ರಾತ್ರಿಯೆಲ್ಲ ವೈನಲ್ಲಿ ನೆನೆಹಾಕಿ."

ಒಂಟಿ ಹೆಂಗಸಿನ ಮನೆಗೆ ಒಂಟಿ ಗಂಡಸು ಭಾನುವಾರ ಮೊಲದೂಟಕ್ಕೆ ಹೋದನೆಂದರೆ ಮದುವೆ ಗೊತ್ತಾದ ಹಾಗೇ, ಪಾದ್ರಿಗೆ ಬೇರೆ ಹೇಳಬೇಕಾಗಿಲ್ಲ. ಮೂವತ್ತು ವರ್ಷ ಹೊರಗಿದ್ದರೂ ಕೊನ್ನಿಗೆ ಅದು ಗೊತ್ತಿಲ್ಲದ್ದೇನಲ್ಲ. ಮೆನಾಳ ಲೋಟ ತುಟಿಯ ಹತ್ತಿರವೇ ನಿಂತಿತು. ಅವಳು ಚಹಾದೊಳಗೆ ಕಣ್ಣು ನೆಟ್ಟು ಕಾದಳು. ಇಲ್ಲ ಅನ್ನು. ಒಂದೇ ಒಂದು ಸಲ, ಇಲ್ಲ ಅನ್ನು.

"ನೋಡೋಣ," ಎಂದ ಚೆನ್ಸು.

ಮೆನಾ ಲೋಟದಿಂದ ಕಣ್ಣೆತ್ತಲಿಲ್ಲ.

ಆಗಲೇ ಹಳದಿ ಬೆಂಡು ಒಮ್ಮೆ ನಡುಗಿತು. ಇನ್ನೊಮ್ಮೆ. ಆಮೇಲೆ ಯಾರೋ ಕೆಳಗಿನಿಂದ ಕರೆದಂತೆ ಮೆಲ್ಲಗೆ ಮುಳುಗಿತು.

"ಈಗ!" ಎಂದ ಚೆನ್ಸು. ಕೊನ್ನಿ ಕೋಲೆತ್ತಿದಳು. ಕೋಲು ಕುಡುಗೋಲಿನ ಹಾಗೆ ಬಾಗಿತು. "ಅಮ್ಮಾ! ಎಳೀತಿದೆ! ಚೆನ್ಸು, ಬಿಡಬೇಡ ನನ್ನ!" ಅವನು ತನ್ನ ಕೋಲು ಕೆಳಗಿಟ್ಟು, ಅವಳ ಹಿಂದೆ ನಿಂತು, ಅವಳ ಕೈ ಮೇಲೆ ಕೈ ಇಟ್ಟ. "ನಿಧಾನ. ಅದು ಓಡ್ಲಿ. ಮೆನಾ, ಕೈಬಲೆ!"

ಮೆನಾ ಕೈಬಲೆ ಹಿಡಿದು ಕೆಳಗಿನ ಒದ್ದೆ ಕಲ್ಲಿಗೆ ಇಳಿದಳು. ಮೀನು ಬದಿಗೆ ಹೊರಳಿ ಬಂತು. ಮೊಣಕೈಯುದ್ದ, ಬೆಳ್ಳಿ ಹೊಟ್ಟೆ. ಕೊಕ್ಕೆ ತುಟಿಯ ತುದಿಯಲ್ಲಿ, ಒಂದು ಎಳೆ ಚರ್ಮದಲ್ಲಿ ನೇತಾಡುತ್ತಿತ್ತು. ಬಲೆ ಕೆಳಗಿನಿಂದ ಎತ್ತಿದರೆ ಮೀನು ಕೊನ್ನಿಯದು. ಬಲೆಯ ಬಾಯಿಗಿದ್ದ ಕಬ್ಬಿಣದ ಬಳೆ ದಾರಕ್ಕೆ ಒಂದಿಷ್ಟು ತಾಗಿದರೆ ಸಮುದ್ರದ್ದು.

ಅವಳು ತಲೆಯೆತ್ತಿ ನೋಡಿದಳು. ಕೊನ್ನಿಯ ಬೆರಳುಗಳ ಮೇಲೆ ಅವನ ಬೆರಳುಗಳು. ಆ ಕೈಗಳ ಸುಟ್ಟ ಕಲೆ ಒಂದೊಂದೂ ಅವಳಿಗೆ ಗೊತ್ತಿತ್ತು, ಮುಟ್ಟದೆಯೇ.

ಬಳೆ ದಾರಕ್ಕೆ ತಾಗಿತು. ಸದ್ದೂ ಆಗಲಿಲ್ಲ. ಮೀನು ಒಮ್ಮೆ ಬಾಲ ಬಡಿದು ಹೋಯಿತು.

"ಅಯ್ಯೋ!" ಕೊನ್ನಿ ಕೋಲು ಬಿಟ್ಟು ಬಾಗಿದಳು. "ಕಾಲು ಜಾರಿತಾ ಮೆನಾ? ಪೆಟ್ಟಾಯ್ತಾ? ಮೀನು ಹೋದ್ರೆ ಹೋಗ್ಲಿ, ಮೇಲೆ ಬಾ, ಕೈ ಕೊಡು."

"ಅಲ್ಲಿ ಪಾಚಿ ಜಾಸ್ತಿ," ಎಂದ ನಾರ್ದು.

ಹೌದು ಅಂದುಬಿಟ್ಟರೆ ಆಗಿತ್ತು. ಆದರೆ ಕೊನ್ನಿ ಚಾಚಿದ ಕೈ ಅಲ್ಲೇ ಇತ್ತು, ಬೈಗುಳವಿಲ್ಲದ ಬರಿಯ ಕೈ. ಅದನ್ನು ಹಿಡಿದು ಸುಳ್ಳು ಹೇಳಲು ಮೆನಾಳಿಂದ ಆಗಲಿಲ್ಲ.

"ಕಾಲು ಜಾರ್ಲಿಲ್ಲ. ಬೇಕು ಅಂತಲೇ ತಾಗಿಸಿದೆ."

ಮೆನಾ ಕೈಬಲೆಯನ್ನು ಕಲ್ಲಿನ ಮೇಲೆ ಇಟ್ಟಳು.

"ಈ ನೀರಲ್ಲಿ ನಿನ್ನ ಬೆಂಡು ನೋಡೋಕೆ ನನ್ನ ಕೈಲಿ ಆಗ್ಲಿಲ್ಲ ಕೊನ್ನಿ. ಭಾನುವಾರದ ಮೊಲಾನೂ ಆಗ್ಲಿಲ್ಲ. ಈಗ ಬೈಯೋದಿದ್ರೆ ಬೈದುಬಿಡು."

ಕೊನ್ನಿ ಅವಳನ್ನೇ ನೋಡಿದಳು. ಆಮೇಲೆ ಚೆನ್ಸುವನ್ನು. ನಗು ಬಂತು, ಜೊತೆಗೆ ಕಣ್ಣಂಚಿನಲ್ಲಿ ನೀರೂ ಬಂತು.

"ಮೂವತ್ತು ವರ್ಷ ಮೆಲ್ಬರ್ನಲ್ಲಿದ್ದೆ ಕಣೇ. ನನ್ನ ಮೇಲೆ ಹೊಟ್ಟೆಕಿಚ್ಚು ಪಡೋ ಅಷ್ಟು ನನ್ನನ್ನ ನೋಡಿದವಳು ಅಲ್ಲಿ ಒಬ್ಬಳೂ ಇರ್ಲಿಲ್ಲ. ಊರಿಗೆ ಬಂದೆ ಅಂತ ಇವತ್ತು ಅನ್ನಿಸ್ತು." ದಾರ ಸುತ್ತುತ್ತ ಅಂದಳು: "ಆದ್ರೆ ಆ ಮೀನು ದೊಡ್ಡದಿತ್ತು. ಅದನ್ನ ಮಾತ್ರ ಮರೆಯಲ್ಲ." ಮತ್ತೆ ಪಕ್ಕಕ್ಕೆ ತಿರುಗಿ, "ನಾರ್ದಣ್ಣ, ನಿಮ್ಮ ನೀರಲ್ಲಿ ಜಾಗ ಇದೆಯಾ?"

"ಬಾರಮ್ಮ. ಆದ್ರೆ ನನ್ನ ಹೆಂಡ್ತಿ ಬಂದ್ರೆ ನೀನು ಮೀನು ಅಂತ ಹೇಳ್ತೀನಿ."

ಮೆನಾ ಲೋಟ ಬಂಡೆಯ ಮೇಲೇ ಬಿಟ್ಟು, ಹಿಂದೆ ನೋಡದೆ ಗಾಡಿಯತ್ತ ಹತ್ತಿದಳು. ಹಿಂದೆ ಹೆಜ್ಜೆ ಸದ್ದು. ಮೀನು ಇನ್ನೂ ಆಡುತ್ತಿರುವ ನೀರನ್ನು ಚೆನ್ಸು ಬಿಟ್ಟು ಬಂದದ್ದನ್ನು ಆ ಬಂಡೆಗಳು ಅದುವರೆಗೆ ಕಂಡಿರಲಿಲ್ಲ. ಅವನು ಕೋಲು ಹಿಡಿದು ಗಾಡಿಯ ಬಾಗಿಲ ಹತ್ತಿರ ನಿಂತ.

"ಮೆನಾ. ಸ್ಪಿರು ಮೇಷ್ಟ್ರ ಬೀದೀಲಿ ಯಾಕೆ ಅಷ್ಟು ಹೊತ್ತು?"

"ಏನಂದೆ?"

"ನಿನ್ನ ಹಾರ್ನು. ಬಂಡೆ ಮೇಲಕ್ಕೆ ಕೇಳುತ್ತೆ. ಉಪ್ಪಿನ ಮಡಿ ಹತ್ರ ಒಂದ್ಸಲ, ಇಗರ್ಜಿ ಹತ್ರ ಒಂದ್ಸಲ, ಎಲ್ಲ ಕಡೆ ಒಂದೇ ಅಳತೆ. ಮೇಷ್ಟ್ರ ಬೀದೀಲಿ ಹಾರ್ನ್ ಆದ್ಮೇಲೆ ಹತ್ತು ನಿಮಿಷ ಸದ್ದೇ ಇಲ್ಲ. ಎಂಟು ವರ್ಷದಿಂದ ಆ ಹತ್ತು ನಿಮಿಷದಲ್ಲಿ ನಾನು ಒಂದು ಮೀನೂ ಹಿಡಿದಿಲ್ಲ."

"ಮೇಷ್ಟ್ರಿಗೆ ಎಂಬತ್ತಾರು ಕಣೋ! ಮಂಡಿ ಹಿಡಿದಿದೆ, ಕಿವಿ ಕೇಳಲ್ಲ. ಮೂರು ಮಹಡಿ ಹತ್ತಿ ಬ್ರೆಡ್ಡು ಕೊಟ್ಟು ಬರ್ತೀನಿ."

"ಎಂಬತ್ತಾರಾದ್ರೇನು, ಗಂಡಸೇ ತಾನೆ."

"ಎಂಟು ವರ್ಷ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ಯಾ?"

"ನಿಂದು ಎಷ್ಟು ದಿನದ್ದು?"

"ಮೂರು ವಾರ."

"ಹಾಗಾದ್ರೆ ನಾನೇ ಹಿರಿಯ."

ಅವಳಿಗೆ ನಗು ತಡೆಯಲಾಗಲಿಲ್ಲ. ಆದರೂ ಬಿಡಲಿಲ್ಲ. "ಅವಳನ್ನ ನಿನ್ನ ನೀರಿಗೆ ಕರೆದದ್ದು ಯಾಕೆ?"

"ಕರೀಲಿಲ್ಲ. ಅವಳು ಕೇಳಿದ್ಲು. ಕೇಳಿದವರಿಗೆ ಇಲ್ಲ ಅನ್ನೋಕೆ ನನಗೆ ಬರಲ್ಲ. ನೀನು ಏನೂ ಕೇಳಲೇ ಇಲ್ವಲ್ಲ."

"ಭಾನುವಾರಕ್ಕೆ 'ನೋಡೋಣ' ಅಂದ್ಯಲ್ಲ?"

"ನೋಡ್ತಾನೂ ಇದ್ದೆ. ನಿನ್ನ ಮುಖಾನೇ. ನೀನು ಲೋಟ ನೋಡ್ತಿದ್ದೆ."

ಮೆನಾ ಎಡಗಡೆಯ ಸೀಟಿನ ಮೇಲಿದ್ದ ಬ್ರೆಡ್ ಬುಟ್ಟಿಯನ್ನು ಹಿಂದಕ್ಕೆ ಸರಿಸಿದಳು. "ಹತ್ತು. ಆ ಹತ್ತು ನಿಮಿಷ ನಿನ್ನ ಕಣ್ಣಾರೆ ನೋಡು."

ಗಾಳದ ಕೋಲು ಕಿಟಕಿಯಿಂದ ಉದ್ದಕ್ಕೆ ಚಾಚಿಕೊಂಡು, ಗಾಡಿ ಊರೊಳಗೆ ಹೋಯಿತು. ಮೇಷ್ಟ್ರ ಬೀದಿಯಲ್ಲಿ ಅವಳು ಹಾರ್ನ್ ಒತ್ತಿ ಇಳಿಯುವಷ್ಟರಲ್ಲಿ ಚೆನ್ಸು ಅವಳ ಕೈಯಿಂದ ಬ್ರೆಡ್ ಕಿತ್ತುಕೊಂಡ. "ನೀನು ಕೂತಿರು, ನಾನು ಹತ್ತಿ ಬರ್ತೀನಿ."

ಮೂರನೆಯ ಮಹಡಿಯ ಬಾಗಿಲು ತೆರೆದ ಸದ್ದು, ಮೇಷ್ಟ್ರ ದನಿ, ಎಲ್ಲ ತೆರೆದ ಮೆಟ್ಟಿಲಗುಂಟ ಕೆಳಗೆ ಇಳಿದು ಬಂತು.

"ಮೆನಾ ಎಲ್ಲಿ? ನೀನ್ಯಾರಪ್ಪ?"

"ಚೆನ್ಸು, ಮೇಷ್ಟ್ರೇ."

"ಯಾರು?"

"ಮೆನಾ ಕಡೆಯೋನು."

"ಯಾರ ಕಡೆ? ಗಟ್ಟಿಯಾಗಿ ಹೇಳೋ, ಕೇಳಲ್ಲ!"

ಮೆನಾ ಗಾಡಿಯ ಬಾಗಿಲನ್ನು ಹಿಡಿದುಕೊಂಡಳು.

"ಮೆನಾಳನ್ನ ಮದುವೆ ಆಗೋನು!"

ಹಡಗುಕಟ್ಟೆಯ ಸುತ್ತಿಗೆಗಳ ನಡುವೆ ಕೂಗಿ ಅಭ್ಯಾಸವಾದ ಗಂಟಲು. ಎದುರು ಮನೆಯ ಕಿಟಕಿ ತೆರೆಯಿತು. ಅದರ ಪಕ್ಕದ್ದೂ ತೆರೆಯಿತು. ಪೊರಕೆ ಹಿಡಿದವಳೊಬ್ಬಳು ಗುಡಿಸುವುದನ್ನು ನಿಲ್ಲಿಸಿ ಮೆನಾಳ ಮುಖವನ್ನೇ ನೋಡಿದಳು.

"ಹಾಗಂತ ಮೊದಲೇ ಹೇಳೋದಲ್ವೇನೋ," ಎಂದರು ಮೇಷ್ಟ್ರು ಮೇಲೆ. "ಅವಳಿಗೆ ಗೊತ್ತಾ?"

ಮೆನಾ ಎರಡೂ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು, ಕಿವುಡನಿಗೂ ಕೇಳುವಂತೆ, ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ಈಗ ಗೊತ್ತಾಯ್ತು ಮೇಷ್ಟ್ರೇ!"